ಬೈಕಿನ ಎಂಜಿನ್, ಕಾರಿನ ಭಾರ

ಹೊಸ ಕಾರು ಮನೆಗೆ ಬಂದರೆ ನಮ್ಮಲ್ಲಿ ನೆರೆಯವರು, ನೆಂಟರು ಮೊದಲು ಕೇಳುವುದು ಒಂದೇ ಮಾತು: 'ಎಷ್ಟು ಕೊಡುತ್ತೆ?' ಏನನ್ನು ಕೊಡುತ್ತದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹದಿನೈದು, ಹದಿನೆಂಟು ಎಂಬ ಉತ್ತರ ಕೇಳಿದವನು ತನ್ನ ನೂರು ಸಿಸಿ ಬೈಕನ್ನು ನೆನೆದುಕೊಳ್ಳುತ್ತಾನೆ. ಅದು ಲೀಟರಿಗೆ ಅರವತ್ತು ಕೊಡುತ್ತದೆ. ಈ ಎರಡು ಸಂಖ್ಯೆಗಳ ನಡುವಿನ ಅಂತರದಿಂದಲೇ ಒಂದು ಆಸೆ ಹುಟ್ಟುತ್ತದೆ. ಬೈಕಿನ ಎಂಜಿನ್ನನ್ನು ಬಿಚ್ಚಿ ಒಂದು ಹಗುರವಾದ ಪುಟ್ಟ ಕಾರಿಗೆ ಕೂರಿಸಿಬಿಟ್ಟರೆ?

ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಗಳಲ್ಲಿ ಈ ಆಸೆಯನ್ನು ಕಣ್ಣಾರೆ ನೋಡಿದ್ದೇನೆ. ಗುಜರಿಯಿಂದ ತಂದ ಹಳೆಯ ಮಾರುತಿ, ಹಿಂದಿನ ಸೀಟಿನ ಜಾಗದಲ್ಲಿ 150 ಸಿಸಿ ಬೈಕಿನ ಎಂಜಿನ್, ಅಲ್ಲಿಂದ ಆಕ್ಸಲ್‌ಗೆ ಚೈನು. ಹುಡುಗರು ರಾತ್ರಿಯೆಲ್ಲ ವೆಲ್ಡಿಂಗ್ ಮಾಡಿ ಕೆಂಪಾದ ಕಣ್ಣುಗಳಲ್ಲಿ ನಿಂತಿರುತ್ತಾರೆ. ಒಮ್ಮೆ ಅಂಥದೊಂದು ಗಾಡಿ ಕಾಲೇಜಿನ ಮೈದಾನವನ್ನು ಎರಡು ಸುತ್ತು ಸಲೀಸಾಗಿ ಹಾಕಿತು. ಚಪ್ಪಾಳೆಯ ನಡುವೆ ಅದನ್ನು ವರ್ಕ್‌ಶಾಪಿನ ಎದುರಿನ ಸಣ್ಣ ಏರಿಗೆ ತಿರುಗಿಸಿದರು. ಅರ್ಧ ಏರುವಷ್ಟರಲ್ಲಿ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಎಲ್ಲರ ಮೂಗಿಗೂ ಬಡಿಯಿತು. ಅಂದು ಆ ಹುಡುಗರ ಮುಖ ನೋಡಿದ ಮೇಲೆ ಈ ವಿಷಯವನ್ನು ಕೂತು ಲೆಕ್ಕ ಹಾಕಲೇಬೇಕು ಅನ್ನಿಸಿತು. ಅವರ ಆಸೆ ತಪ್ಪಾಗಿರಲಿಲ್ಲ, ಆದರೆ ಅವರು ಕೈಹಾಕಿದ ತುದಿ ತಪ್ಪಾಗಿತ್ತು. ಆ ತುದಿ ಯಾವುದು ಎಂದು ಹೇಳುವುದಕ್ಕೇ ಈ ಲೇಖನ.

ಆಸೆಗೆ ಆಧಾರವಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಹೋಗಲು 600-650 ಕೆ.ಜಿ. ತೂಕದ ಪುಟ್ಟ ಕಾರಿಗೆ ಬೇಕಾಗುವುದು ಹೆಚ್ಚುಕಡಿಮೆ 3 ಅಶ್ವಶಕ್ತಿ. ಟೈರಿನ ಉರುಳು ತಡೆಯನ್ನೂ ಗಾಳಿಯ ತಡೆಯನ್ನೂ ಕೂಡಿಸಿ ನೋಡಿದರೆ ಬರುವ ಲೆಕ್ಕ ಇದು. 80 ಕಿ.ಮೀ. ವೇಗಕ್ಕೆ 8, 100 ಕಿ.ಮೀ.ಗೆ 14ರ ಆಸುಪಾಸು. ಮಾರುತಿ 800ರ ಎಂಜಿನ್ನಿನ ಕಸುವು 37 ಅಶ್ವಶಕ್ತಿ. ಇಂದಿನ ಸಾಮಾನ್ಯ ಕಾರುಗಳಲ್ಲಿ 80-90 ಇರುತ್ತದೆ. ಊರೊಳಗೆ ಓಡಾಡಲು ಬೇಕಾದ್ದು ಮೂರು, ಹೊತ್ತುಕೊಂಡು ತಿರುಗುವುದು ಎಂಬತ್ತು.

ಮಿಕ್ಕಿದ್ದು ಸುಮ್ಮನೆ ಇದ್ದರೆ ನಷ್ಟವೇನು ಎನ್ನಬಹುದು. ಪೆಟ್ರೋಲ್ ಎಂಜಿನ್ನಿನಲ್ಲಿ ನಷ್ಟವಿದೆ. ಮೈಬಗ್ಗಿಸಿ ದುಡಿಯುವಾಗ ಅದು ಇಂಧನದ ಶಕ್ತಿಯಲ್ಲಿ ಮೂರನೇ ಒಂದು ಭಾಗದಷ್ಟನ್ನು ಕೆಲಸವಾಗಿ ಮಾರ್ಪಡಿಸುತ್ತದೆ. ಕೆಲಸ ಕಡಿಮೆಯಾದಾಗ ಈ ಪಾಲು ಶೇ. 15ಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಕುಸಿಯುತ್ತದೆ. ನಾವು ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸಿದಾಗ ಥ್ರಾಟಲ್ ಅರೆಬರೆ ಮುಚ್ಚುತ್ತದೆ. ಮೂಗನ್ನು ಅರ್ಧ ಮುಚ್ಚಿಕೊಂಡು ಓಡುವವನಂತೆ ಎಂಜಿನ್ ಉಸಿರೆಳೆಯುವುದಕ್ಕೇ ಶಕ್ತಿ ಕಳೆದುಕೊಳ್ಳುತ್ತದೆ. ಪಿಸ್ಟನ್, ಬೇರಿಂಗ್, ಎಣ್ಣೆಯ ಪಂಪು ಇವುಗಳ ತಿಕ್ಕಾಟವೂ ಕೆಲಸ ಕಡಿಮೆಯಾಯಿತೆಂದು ಕಡಿಮೆಯಾಗುವುದಿಲ್ಲ. ಒಂದು ಸೇರು ರಾಗಿ ಬೀಸಲು ಊರಿನ ದೊಡ್ಡ ಗಿರಣಿಯನ್ನು ಶುರು ಮಾಡಿದಂತೆ. ಹಾಗಾಗಿ ಕೆಲಸಕ್ಕೆ ತಕ್ಕಷ್ಟು ಚಿಕ್ಕ ಎಂಜಿನ್ ಇಟ್ಟರೆ ಪೆಟ್ರೋಲ್ ಉಳಿಯುತ್ತದೆ ಎಂಬ ಹುಡುಗರ ತರ್ಕ ಇಲ್ಲಿಯವರೆಗೆ ಸರಿ.

ಅಲ್ಲಿಂದ ಮುಂದೆ ಘಾಟಿ ಬರುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆಯನ್ನೇ ನೆನೆಸಿಕೊಳ್ಳಿ. ನಾಲ್ವರು ಕೂತರೆ ಪುಟ್ಟ ಕಾರಿನ ಒಟ್ಟು ತೂಕ 900 ಕೆ.ಜಿ. ಮುಟ್ಟುತ್ತದೆ. ಹತ್ತಕ್ಕೆ ಒಂದರಂತೆ ಏರುವ ರಸ್ತೆಯಲ್ಲಿ ಅಷ್ಟು ಭಾರವನ್ನು ಬರೀ 30 ಕಿ.ಮೀ. ವೇಗದಲ್ಲಿ ಹತ್ತಿಸಲು ಚಕ್ರದಲ್ಲಿ 11 ಅಶ್ವಶಕ್ತಿ ಬೇಕು. ನೂರು ಸಿಸಿ ಬೈಕಿನ ಎಂಜಿನ್ನಿನಲ್ಲಿ ಇರುವುದು ಸುಮಾರು 8, ಅದೂ ಕಿರುಚಿಕೊಂಡು ತಿರುಗುವಾಗ. ಗೇರ್ ಬದಲಾಯಿಸಿದರಾಯಿತು ಎಂದು ಪ್ರಾಜೆಕ್ಟಿನ ಹುಡುಗರು ವಾದಿಸುತ್ತಾರೆ. ಗೇರು ತಿರುಚು ಬಲವನ್ನು ಹೆಚ್ಚಿಸಬಲ್ಲದು, ಶಕ್ತಿಯನ್ನಲ್ಲ. ಎಷ್ಟೇ ಇಳಿಸಿದ ಗೇರು ಹಾಕಿದರೂ ಆ ಕಾರು ಇಪ್ಪತ್ತರ ಒಳಗೆ ತೆವಳುತ್ತದೆ. ಹಿಂದೆ ಬಸ್ಸುಗಳ ಸಾಲು ಹಾರನ್ ಹೊಡೆಯುತ್ತಿರುತ್ತದೆ.

ಘಾಟಿಗೆ ಹೋಗುವುದೇ ಇಲ್ಲ, ಊರೊಳಗೇ ಇರುತ್ತೇನೆ ಎಂದರೆ ಸಿಗ್ನಲ್ ಬರುತ್ತದೆ. ನನಗೆ ಈ ಲೆಕ್ಕ ಘಾಟಿಯದಕ್ಕಿಂತ ಮುಖ್ಯ. ಬೈಕೂ ಸವಾರನೂ ಸೇರಿ 180 ಕೆ.ಜಿ., ಕಾರೂ ಜನರೂ ಸೇರಿ 750 ಕೆ.ಜಿ. ಎಂದಿಟ್ಟುಕೊಳ್ಳಿ. ಸಮತಟ್ಟಿನಲ್ಲಿ 50 ಕಿ.ಮೀ. ವೇಗದಲ್ಲಿ ನಿರಾತಂಕವಾಗಿ ಸಾಗುವಾಗ ಬೈಕಿಗಿಂತ ಕಾರಿಗೆ ಬೇಕಾಗುವ ಬಲ ಸುಮಾರು ಒಂದೂವರೆ ಪಟ್ಟು, ಅಷ್ಟೇ. ಕೈಚಾಚಿ ಕೂತ ಸವಾರ ಗಾಳಿಗೆ ಕೊಡುವ ತಡೆ ನಾವು ತಿಳಿದಷ್ಟು ಕಡಿಮೆಯಲ್ಲ. ಆದರೆ ನಿಂತಲ್ಲಿಂದ ಹೊರಟು 50ಕ್ಕೆ ಮುಟ್ಟುವಾಗ ಕಾರು ಕೇಳುವುದು ಬೈಕಿನ ನಾಲ್ಕು ಪಟ್ಟು. ಪ್ರತಿ ಸಲ ಹಾಗೆ ವೇಗ ಪಡೆಯಲು ಕಾರಿಗೆ ಸುಮಾರು 10 ಮಿ.ಲೀ. ಪೆಟ್ರೋಲ್ ಖರ್ಚಾಗುತ್ತದೆ, ಬೈಕಿಗೆ ಎರಡೂವರೆ ಮಿ.ಲೀ. ಮುಂದಿನ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದಾಗ ಆ ಹತ್ತು ಮಿ.ಲೀ. ಸುಟ್ಟು ಗಳಿಸಿದ ವೇಗವೆಲ್ಲ ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹತ್ತು ಸಿಗ್ನಲ್ ದಾಟಿದರೆ ನೂರು ಮಿ.ಲೀ. ಎಂಜಿನ್ ಚಿಕ್ಕದೋ ದೊಡ್ಡದೋ ಎಂಬುದು ಈ ಖರ್ಚನ್ನು ಸ್ವಲ್ಪ ಹಿಂದೆ ಮುಂದೆ ಮಾಡೀತು. ನಿರ್ಧರಿಸುವುದು ತೂಕ. ತೂಕವನ್ನು ಹಾಗೇ ಬಿಟ್ಟು ಎಂಜಿನ್ನನ್ನು ಕುಗ್ಗಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಬೈಕಿನ ಎಂಜಿನ್ ಬೈಕಿಗೆಂದೇ ಹುಟ್ಟಿದ್ದು ಎಂಬುದನ್ನೂ ಮರೆಯಬಾರದು. ಅದರ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವ ಸಣ್ಣ ಪ್ಲೇಟುಗಳ ಕಟ್ಟು, ಇನ್ನೂರು-ಮುನ್ನೂರು ಕೆ.ಜಿ.ಯನ್ನು ಹೊರಡಿಸಲು ಲೆಕ್ಕ ಹಾಕಿ ಮಾಡಿದ್ದು. ಅದಕ್ಕೆ ರಿವರ್ಸ್ ಗೇರ್ ಇಲ್ಲ. ಎದುರುಗಾಳಿಗೆ ಮೈಯೊಡ್ಡಿ ತಣ್ಣಗಾಗುವ ಎಂಜಿನ್ನನ್ನು ಕಾರಿನ ಡಬ್ಬಿಯೊಳಗೆ ಹಾಕಿದರೆ ಕಾದು ಕೆಂಡವಾಗುತ್ತದೆ. ಎರಡು ಹಿಂಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ವೇಗದಲ್ಲಿ ತಿರುಗಬೇಕು, ಅದಕ್ಕೆ ಡಿಫರೆನ್ಷಿಯಲ್ ಬೇಕು. ಇಷ್ಟಕ್ಕೂ ಪರಿಹಾರ ನಮ್ಮ ಬೀದಿಯಲ್ಲೇ ಓಡಾಡುತ್ತಿದೆ. ಗಾಳಿ ಬೀಸುವ ಫ್ಯಾನ್, ರಿವರ್ಸ್, ಡಿಫರೆನ್ಷಿಯಲ್ ಎಲ್ಲವನ್ನೂ ಸೇರಿಸಿ ಸ್ಕೂಟರಿನ ಸಂತತಿಯ ಎಂಜಿನ್ನನ್ನು ಭಾರಕ್ಕೆ ಒಗ್ಗಿಸಿದ ಗಾಡಿಯನ್ನೇ ನಾವು ಆಟೋ ಎನ್ನುತ್ತೇವೆ. ಬೈಕಿನ ಎಂಜಿನ್ ಕಾರಿನತ್ತ ಹೊರಟ ದಾರಿಯಲ್ಲಿ ಅರ್ಧಕ್ಕೆ ಸಿಗುವ ಊರು ಅದು. ಇನ್ನು 600, 1000 ಸಿಸಿಯ ರೇಸಿಂಗ್ ಬೈಕುಗಳ ಎಂಜಿನ್ ತಂದು ಕೂರಿಸುವವರಿದ್ದಾರೆ. ನಿಮಿಷಕ್ಕೆ ಹತ್ತು ಸಾವಿರ ಸುತ್ತಿನಲ್ಲಿ ಹುಮ್ಮಸ್ಸಿಗೆ ಬರುವ ಆ ಎಂಜಿನ್ನುಗಳಿಂದ ವೇಗ ಸಿಕ್ಕೀತು, ಮೈಲೇಜಿನ ಮಾತು ಅಲ್ಲಿ ಎತ್ತಬಾರದು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ತಯಾರಕರು ಕೊಟ್ಟ, ಆರ್‌ಸಿಯಲ್ಲಿ ನಮೂದಾದ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಅದನ್ನು ಗಟ್ಟಿಯಾಗಿ ಎತ್ತಿಹಿಡಿದಿದೆ. ಹಳೆಯ ಕಾರಿಗೆ ಬೈಕಿನ ಎಂಜಿನ್ ಕೂರಿಸಿ ಕಾಲೇಜಿನ ಆವರಣದಲ್ಲಿ ಓಡಿಸಬಹುದು, ರಸ್ತೆಗೆ ತರುವಂತಿಲ್ಲ. ಬ್ರೇಕು, ಹೊಗೆ, ವಿಮೆ ಎಲ್ಲವೂ ಆ ಒಂದು ಕಾಗದಕ್ಕೆ ಕಟ್ಟಿಕೊಂಡಿರುವುದರಿಂದ ಈ ಕಟ್ಟುನಿಟ್ಟು ನನಗೆ ಸರಿಯಾಗಿಯೇ ಕಾಣುತ್ತದೆ.

ಹಾಗಾದರೆ ಬೈಕಿನ ಎಂಜಿನ್ನಿನ ಕಾರು ಎಂದೂ ಗೆದ್ದಿಲ್ಲವೇ? ಗೆದ್ದಿದೆ, ಲಕ್ಷಗಟ್ಟಲೆ ಸಂಖ್ಯೆಯಲ್ಲಿ. ಎರಡನೇ ಮಹಾಯುದ್ಧದಲ್ಲಿ ನುಚ್ಚುನೂರಾದ ಜರ್ಮನಿಯಲ್ಲಿ ಕಾರು ಕೊಳ್ಳುವ ಚೈತನ್ಯ ಜನರಿಗಿರಲಿಲ್ಲ. ಬಿಎಂಡಬ್ಲ್ಯು ಆಗ ದುಬಾರಿ ಕಾರುಗಳನ್ನು ಮಾಡಿ ನಷ್ಟದಲ್ಲಿತ್ತು. ಅದು ಇಟಲಿಯ ಇಸೊ ಕಂಪನಿಯಿಂದ ಮೊಟ್ಟೆಯಾಕಾರದ ಪುಟ್ಟ ಕಾರಿನ ವಿನ್ಯಾಸವನ್ನು ಲೈಸೆನ್ಸಿನ ಮೇಲೆ ಪಡೆದು, ತನ್ನದೇ ಆರ್25 ಬೈಕಿನ 247 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್ನನ್ನು ಅದರೊಳಗೆ ಇಟ್ಟಿತು. 1955ರಲ್ಲಿ ಬಂದ ಆ ಇಸೆಟ್ಟಾಗೆ ಇದ್ದದ್ದು 12 ಅಶ್ವಶಕ್ತಿ. ತೂಕ ಸುಮಾರು 350 ಕೆ.ಜಿ. ಒಂದೇ ಬಾಗಿಲು, ಅದೂ ಫ್ರಿಜ್ಜಿನ ಬಾಗಿಲಿನಂತೆ ಮುಂದುಗಡೆ. ಹಿಂಚಕ್ರಗಳನ್ನು ಎಷ್ಟು ಹತ್ತಿರ ಇಟ್ಟರೆಂದರೆ ಡಿಫರೆನ್ಷಿಯಲ್ ಬೇಕಾಗಲೇ ಇಲ್ಲ. ನೂರು ಕಿ.ಮೀ.ಗೆ ಮೂರು ಲೀಟರಿನ ಆಸುಪಾಸು ಅದರ ಖರ್ಚು. ಹಳೆಯ ಜರ್ಮನ್ ಲೈಸೆನ್ಸ್ ಪದ್ಧತಿಯಲ್ಲಿ 250 ಸಿಸಿ ಒಳಗಿನ ವಾಹನವನ್ನು ಬೈಕಿನ ಲೈಸೆನ್ಸಿನಲ್ಲೇ ಓಡಿಸಬಹುದಾಗಿತ್ತು. ಮಳೆಯಲ್ಲಿ ನೆನೆಯುತ್ತಿದ್ದ ಬೈಕ್ ಸವಾರ ಹೊಸ ಪರೀಕ್ಷೆ ಬರೆಯದೆ ತಲೆ ಮೇಲೊಂದು ಸೂರು ಪಡೆದ. 1956ರ ಸೂಯೆಜ್ ಬಿಕ್ಕಟ್ಟಿನಿಂದ ಪೆಟ್ರೋಲಿಗೆ ಪಡಿತರ ಬಂದಾಗ ಬ್ರಿಟನ್ನಿನಲ್ಲೂ ಇಂಥ ಗುಳ್ಳೆ ಕಾರುಗಳಿಗೆ ಬೇಡಿಕೆ ಏರಿತು. 1962ರಲ್ಲಿ ನಿಲ್ಲುವ ಹೊತ್ತಿಗೆ ಬಿಎಂಡಬ್ಲ್ಯು ಮಾಡಿದ ಇಸೆಟ್ಟಾಗಳ ಸಂಖ್ಯೆ 1,61,728.

ಇಸೆಟ್ಟಾ ಗೆದ್ದದ್ದು ಅದರ ಎಂಜಿನ್ ಬೈಕಿನದಾಗಿತ್ತು ಎಂದಲ್ಲ. ಎಂಜಿನ್ನಿಗೆ ತಕ್ಕಂತೆ ಇಡೀ ಗಾಡಿಯನ್ನೇ ಹಗುರವಾಗಿ, ಕಿರಿದಾಗಿ, ನಿಧಾನದ್ದಾಗಿ ಕಟ್ಟಿದ್ದರು. ಸೋತದ್ದೂ ಎಂಜಿನ್ನಿನಿಂದಲ್ಲ. ಜನರ ಕೈಯಲ್ಲಿ ಕಾಸು ಓಡಾಡತೊಡಗಿತು, 1959ರಲ್ಲಿ 848 ಸಿಸಿ ಎಂಜಿನ್ನಿನ, ನಾಲ್ವರು ಕೂರಬಹುದಾದ ಮಿನಿ ಬಂತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್ ಅದನ್ನು ಮಾಡಿಸಿದ ಉದ್ದೇಶಗಳಲ್ಲಿ ಗುಳ್ಳೆ ಕಾರುಗಳನ್ನು ಬೀದಿಯಿಂದ ಓಡಿಸುವುದೂ ಒಂದಾಗಿತ್ತು.

ಇದೇ ಕತೆ ಬೆಂಗಳೂರಿನಲ್ಲೂ ನಡೆದಿದೆ, ನಮ್ಮವರಲ್ಲಿ ಅದನ್ನು ಬಲ್ಲವರು ಕಡಿಮೆ. 1970ರ ದಶಕದಲ್ಲಿ ಇಲ್ಲಿನ ಸನ್‌ರೈಸ್ ಕಂಪನಿ 'ಬಾದಲ್' ಎಂಬ ಮೂರು ಚಕ್ರದ ಕಾರನ್ನು ಮಾಡಿತು. ಫೈಬರಿನ ಮೈ, ಹಿಂದುಗಡೆ 198 ಸಿಸಿಯ ಒಂಟಿ ಸಿಲಿಂಡರ್ ಟೂ ಸ್ಟ್ರೋಕ್ ಎಂಜಿನ್. ತೈಲ ಬಿಕ್ಕಟ್ಟಿನ ಆ ದಿನಗಳಿಗೆ ಸಲ್ಲುವ ಗಾಡಿಯೇ ಅದು. ಮುಂದೆ ಸಿಪಾನಿ ಎಂದು ಹೆಸರಾದ ಅದೇ ಸಂಸ್ಥೆ ಬ್ರಿಟನ್ನಿನ ರಿಲಯಂಟ್ ಕಿಟನ್ ವಿನ್ಯಾಸ ತಂದು ಡಾಲ್ಫಿನ್ ಮಾಡಿತು. ಅದರ ಎಂಜಿನ್ ಕೂಡ 848 ಸಿಸಿ. ಅಷ್ಟರಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ ಬಂತು, ಮಿಕ್ಕಿದ್ದು ಎಲ್ಲರಿಗೂ ಗೊತ್ತು. ಪುಟ್ಟ ಗಾಡಿ ಎರಡೂ ಕಡೆ ಬಡತನದ ಕಾಲದ ಆಪದ್ಬಾಂಧವನಾಗಿ ಬಂದು, ಸ್ವಲ್ಪ ಅನುಕೂಲವಾದ ಕೂಡಲೇ ಮನೆಯಿಂದ ಹೊರಬಿತ್ತು.

ಹಗುರ ಮೈ ಏನು ಮಾಡಬಲ್ಲದು ಎಂಬುದಕ್ಕೆ ನನ್ನ ಮಟ್ಟಿಗೆ ಅತ್ಯುತ್ತಮ ಸಾಕ್ಷಿ 2002ರದು. ಫೋಕ್ಸ್‌ವ್ಯಾಗನ್ನಿನ ಮುಖ್ಯಸ್ಥ ಫರ್ಡಿನೆಂಡ್ ಪೀಎಖ್ ಆ ಏಪ್ರಿಲ್‌ನಲ್ಲಿ ಕಂಪನಿಯ ಷೇರುದಾರರ ಸಭೆಗೆ ವೋಲ್ಫ್ಸ್‌ಬರ್ಗ್‌ನಿಂದ ಹ್ಯಾಂಬರ್ಗ್‌ಗೆ ತಾನೇ ಒಂದು ಪ್ರಯೋಗದ ಕಾರನ್ನು ಓಡಿಸಿಕೊಂಡು ಹೋದ. 299 ಸಿಸಿಯ ಒಂಟಿ ಸಿಲಿಂಡರ್ ಡೀಸೆಲ್ ಎಂಜಿನ್, ಎಂಟೂವರೆ ಅಶ್ವಶಕ್ತಿ. ನಮ್ಮ ನೂರು ಸಿಸಿ ಬೈಕಿನಲ್ಲಿರುವಷ್ಟೇ ಕಸುವು. ದಾರಿಯ ಸರಾಸರಿ ಖರ್ಚು ನೂರು ಕಿ.ಮೀ.ಗೆ 0.89 ಲೀಟರ್, ಎಂದರೆ ಲೀಟರಿಗೆ 112 ಕಿ.ಮೀ. ಬೇಕೆಂದರೆ 120ರ ವೇಗಕ್ಕೂ ಏರಬಲ್ಲ ಗಾಡಿ. ಗುಟ್ಟು ಎಂಜಿನ್ನಿನಲ್ಲಿ ಇರಲಿಲ್ಲ. ಮೆಗ್ನೀಸಿಯಂ ಚೌಕಟ್ಟು, ಕಾರ್ಬನ್ ಫೈಬರ್ ಹೊದಿಕೆ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡೇ ಸೀಟು, ಮೀನಿನಂತೆ ಗಾಳಿಯನ್ನು ಸೀಳುವ ಮೈ. ಎಲ್ಲ ಸೇರಿ ತೂಕ 290 ಕೆ.ಜಿ. ಕಾಲೇಜಿನ ಏರಿನಲ್ಲಿ ಕ್ಲಚ್ ಸುಟ್ಟುಕೊಂಡ ಆ ಮಾರುತಿಯ ಅರ್ಧಕ್ಕಿಂತ ಕಡಿಮೆ. ಅಂಥ ಮೈಯನ್ನು ಸಾಮಾನ್ಯರ ಬೆಲೆಗೆ ಮಾಡಲಾಗದು ಎಂಬುದು ನಿಜ. ಆದರೆ ದಿಕ್ಕು ಯಾವುದು ಎಂಬುದನ್ನು ಅದು ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಿಕೊಟ್ಟಿತು.

ಸಾಮಾನ್ಯರ ಬೆಲೆಗೆ ಅದೇ ದಿಕ್ಕಿನಲ್ಲಿ ನಡೆದವರು ನಮ್ಮಲ್ಲೂ ಇದ್ದಾರೆ. ಬಜಾಜ್ 2012ರಲ್ಲಿ ಅನಾವರಣ ಮಾಡಿದ, ಮುಂದೆ ಕ್ಯೂಟ್ ಎಂದು ಹೆಸರಿಟ್ಟ ಗಾಡಿಯಲ್ಲಿ 216 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್ನಿದೆ. 13 ಅಶ್ವಶಕ್ತಿ, ನಾಲ್ವರಿಗೆ ಜಾಗ, ತೂಕ 400 ಕೆ.ಜಿ.ಯ ಆಸುಪಾಸು, ಗರಿಷ್ಠ ವೇಗ 70. ಲೀಟರಿಗೆ 35 ಕಿ.ಮೀ. ಎಂದು ಕಂಪನಿ ಹೇಳಿತು. ಇಸೆಟ್ಟಾದ ಲೆಕ್ಕವೇ ಅರುವತ್ತು ವರ್ಷಗಳ ನಂತರ ಇನ್ನೊಮ್ಮೆ ಸರಿಬಂದಿತ್ತು. ಆದರೆ ಅದನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ಸರ್ಕಾರಕ್ಕೆ ತಿಳಿಯಲಿಲ್ಲ. ಕ್ವಾಡ್ರಿಸೈಕಲ್ ಎಂಬ ಹೊಸ ವರ್ಗ ಹುಟ್ಟಿ, ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದು, ಖಾಸಗಿ ಬಳಕೆಗೆ ಒಪ್ಪಿಗೆ ಸಿಗುವಾಗ 2018 ಮುಗಿಯುತ್ತ ಬಂದಿತ್ತು. 2019ರಲ್ಲಿ ಅದು ಮಹಾರಾಷ್ಟ್ರದಲ್ಲಿ ಎರಡೂವರೆ ಲಕ್ಷದ ಬೆಲೆಗೆ ಬಂದಾಗ ಆಲ್ಟೊ ಮೂರು ಲಕ್ಷದ ಒಳಗೇ ಸಿಗುತ್ತಿತ್ತು. ಐವತ್ತು ಸಾವಿರ ಸೇರಿಸಿದರೆ 'ನಿಜವಾದ ಕಾರು' ಸಿಗುವಾಗ ಆಟೋದ ತಮ್ಮನಂತೆ ಕಾಣುವ ಗಾಡಿಯನ್ನು ಯಾರು ಕೊಳ್ಳುತ್ತಾರೆ? ಕೊಳ್ಳದವರನ್ನು ನಾನು ದೂರುವುದಿಲ್ಲ. ನಮ್ಮ ಮಧ್ಯಮ ವರ್ಗಕ್ಕೆ ಕಾರು ಎಂದರೆ ಮದುವೆ ಮನೆಯ ಮುಂದೆ ನಿಲ್ಲಿಸುವ ಮರ್ಯಾದೆಯೂ ಹೌದು.

ಸುರಕ್ಷತೆಯ ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾಗದು. 2016ರ ಯೂರೋ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಕ್ಯೂಟ್‌ಗೆ ಐದರಲ್ಲಿ ಒಂದೇ ನಕ್ಷತ್ರ ಸಿಕ್ಕಿತು. 400 ಕೆ.ಜಿ. ಗಾಡಿ ತುಮಕೂರು ಹೆದ್ದಾರಿಯಲ್ಲಿ ಲಾರಿಗೆ ಎದುರಾದರೆ ಏನಾಗುತ್ತದೆ ಎಂದು ಯಾರೂ ವಿವರಿಸಬೇಕಿಲ್ಲ. ಅದಕ್ಕೇ ಇಂಥ ಗಾಡಿಗಳು ಹೆದ್ದಾರಿಗೆ ಬರಕೂಡದು ಎಂಬುದು ನನ್ನ ನಿಲುವು. ಆದರೆ ಊರೊಳಗೆ ಅದನ್ನು ಹೋಲಿಸಬೇಕಾದದ್ದು ಐದು ನಕ್ಷತ್ರದ ಕಾರಿನೊಂದಿಗಲ್ಲ. ಟ್ಯಾಂಕಿನ ಮೇಲೆ ಒಂದು ಮಗು, ನಡುವೆ ಇನ್ನೊಂದು, ಹಿಂದೆ ಹೆಂಡತಿ ಎಂದು ಇಡೀ ಸಂಸಾರವನ್ನು ಹೊತ್ತು ಹೋಗುವ ಬೈಕಿನೊಂದಿಗೆ ಹೋಲಿಸಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ. 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ನಾಲ್ಕು ಚಕ್ರ, ಸೀಟ್ ಬೆಲ್ಟ್, ಮಳೆಗೆ ಸೂರು ಇರುವ ನಿಧಾನದ ಗಾಡಿ ಆ ಸಂಸಾರಕ್ಕೆ ಎಷ್ಟೋ ವಾಸಿ. ಬೆಂಗಳೂರಿನ ದಟ್ಟಣೆಯ ಹೊತ್ತಿನಲ್ಲಿ ಯಾವ ಕಾರಿನ ಸರಾಸರಿ ವೇಗವೂ ಇಪ್ಪತ್ತರ ಆಸುಪಾಸಿನಲ್ಲೇ ಇರುವಾಗ 70 ಸಾಲದು ಎಂಬ ದೂರು ನಿಲ್ಲುವುದಿಲ್ಲ.

ನನ್ನ ನಿಜವಾದ ತಕರಾರು ನಮ್ಮ ತೆರಿಗೆಯ ಅಳತೆಗೋಲಿನ ಮೇಲೆ. ನಮ್ಮಲ್ಲಿ 'ಸಣ್ಣ ಕಾರು' ಎಂದರೆ ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ ಒಳಗಿನ ಎಂಜಿನ್. ತೂಕದ ಮಾತೇ ಇಲ್ಲ. ಕಂಪನಿಗಳು ಏನು ಮಾಡಿದವು? ಉದ್ದವನ್ನು ನಾಲ್ಕು ಮೀಟರಿಗೆ ಕತ್ತರಿಸಿ, ಎತ್ತರ ಏರಿಸಿ, ಪುಟ್ಟ ಎಂಜಿನ್ನಿಗೆ ಟರ್ಬೊ ಕಟ್ಟಿ, ಸಾವಿರ ಕೆ.ಜಿ. ದಾಟಿದ ಎಸ್‌ಯುವಿಗಳನ್ನು ಸಣ್ಣ ಕಾರಿನ ತೆರಿಗೆಯಲ್ಲಿ ಮಾರಿದವು. ಕರ್ನಾಟಕದಲ್ಲಿ ಕಾರಿನ ಆಜೀವ ರಸ್ತೆ ತೆರಿಗೆ ನಿಂತಿರುವುದು ಬೆಲೆಯ ಮೇಲೆ. ಕಂಪನಿಗಳ ಒಟ್ಟು ಇಂಧನ ಕ್ಷಮತೆಗೆ 2017ರಿಂದ ಕೇಂದ್ರ ವಿಧಿಸಿರುವ ಮಾನದಂಡದಲ್ಲಂತೂ ಕಾರುಗಳ ಸರಾಸರಿ ತೂಕ ಏರಿದಂತೆ ಮುಟ್ಟಬೇಕಾದ ಗುರಿಯೂ ಸಡಿಲವಾಗುತ್ತದೆ. ತೂಕ ಇಳಿಸಿದವನಿಗೆ ಬಿಗಿ ಗುರಿ, ಏರಿಸಿದವನಿಗೆ ರಿಯಾಯಿತಿ! ಜಪಾನಿನಲ್ಲಿ 1971ರಿಂದ ವಾಹನಗಳಿಗೆ ತೂಕದ ತೆರಿಗೆಯಿದೆ. ಫ್ರಾನ್ಸ್ 2022ರಿಂದ 1800 ಕೆ.ಜಿ. ಮೀರಿದ ಕಾರುಗಳಿಗೆ ಮೀರಿದ ಪ್ರತಿ ಕೆ.ಜಿ.ಗೂ ಹತ್ತು ಯೂರೋ ದಂಡ ಹಾಕತೊಡಗಿತು. ಇವರಿಗೆ ಸಾಧ್ಯವಾದದ್ದು ಪೆಟ್ರೋಲಿಗಾಗಿ ಪರದೇಶಕ್ಕೆ ಕೈಚಾಚುವ ನಮಗೆ ಏಕೆ ಹೊಳೆಯಬಾರದು?

ವಿದ್ಯುತ್ ಕಾರು ಬಂದಿರುವಾಗ ಈ ಚರ್ಚೆ ಹಳತಾಯಿತು ಎನ್ನುವವರೂ ಇದ್ದಾರೆ. ಮೋಟಾರಿಗೆ ಪೆಟ್ರೋಲ್ ಎಂಜಿನ್ನಿನಂತೆ ಕಡಿಮೆ ಕೆಲಸದಲ್ಲಿ ಸೊರಗುವ ಕಾಯಿಲೆ ಅಷ್ಟಾಗಿ ಇಲ್ಲ, ಬ್ರೇಕ್ ಒತ್ತಿದಾಗ ಒಂದಷ್ಟು ಶಕ್ತಿ ಹಿಂದಕ್ಕೂ ಬರುತ್ತದೆ, ಒಪ್ಪುತ್ತೇನೆ. ಬಿಎಂಡಬ್ಲ್ಯು ತನ್ನ ಐ3 ವಿದ್ಯುತ್ ಕಾರಿನ ಒಂದು ಮಾದರಿಯಲ್ಲಿ ತನ್ನದೇ ಸ್ಕೂಟರಿನಿಂದ ಎತ್ತಿದ 647 ಸಿಸಿ ಎಂಜಿನ್ನನ್ನು ಬರೀ ಬ್ಯಾಟರಿಗೆ ಕರೆಂಟು ಕೊಡಲು ಇಟ್ಟಿತ್ತು. ಏರು, ಸಿಗ್ನಲ್ ಎಲ್ಲವನ್ನೂ ಮೋಟಾರಿಗೆ ಬಿಟ್ಟು ಎಂಜಿನ್ ತನಗೆ ಒಗ್ಗುವ ಹದದಲ್ಲಿ ದುಡಿಯಬಹುದಾದ ಈ ಏರ್ಪಾಡು ದ್ವಿಚಕ್ರದ ಎಂಜಿನ್ನನ್ನು ಕಾರಿನಲ್ಲಿ ಬಳಸುವ ಅತಿ ಜಾಣ ದಾರಿ ಎಂದು ನನ್ನ ಭಾವನೆ. ಆದರೆ ಬ್ಯಾಟರಿಯೇ ಭಾರ, ಭಾರದ ಗಾಡಿಗೆ ಇನ್ನೂ ದೊಡ್ಡ ಬ್ಯಾಟರಿ. 2001ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಲಂಡನ್ನಿನ ಬೀದಿಗಳಲ್ಲಿ ಕ್ವಾಡ್ರಿಸೈಕಲ್ ಎಂದೇ ಓಡಾಡಿದ ರೇವಾ ಎಂಬ ವಿದ್ಯುತ್ ಕಾರು ಪುಟ್ಟದಾಗಿಯೇ ಉಳಿದದ್ದು ಅದಕ್ಕೇ.

ಆದ್ದರಿಂದ ವಿಧಾನಸೌಧದಲ್ಲಿ ಕೂತವರಲ್ಲಿ ಒಂದು ಕೋರಿಕೆ: ರಸ್ತೆ ತೆರಿಗೆಯನ್ನು ಬೆಲೆಯ ಜತೆಗೆ ತೂಕಕ್ಕೂ ಕಟ್ಟಿ. 500 ಕೆ.ಜಿ. ಒಳಗಿನ ಗಾಡಿಗೆ ಊರೊಳಗಿನ ಪಾರ್ಕಿಂಗಿನಲ್ಲಿ ಅರ್ಧ ಶುಲ್ಕ ಮಾಡಿ, ಹೆದ್ದಾರಿಯಿಂದ ಅದನ್ನು ದೂರವಿಡಿ. ಈ ವರ್ಷ ಪ್ರಾಜೆಕ್ಟಿಗೆ ಬೈಕಿನ ಎಂಜಿನ್ ಹುಡುಕುತ್ತಿರುವ ಹುಡುಗ ಹುಡುಗಿಯರಿಗೂ ಒಂದು ಮಾತು. ಗುಜರಿಯ ಕಾರನ್ನು ಮೊದಲು ಹತ್ತಿರದ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ಚೀಟಿ ಬರೆಸಿಕೊಳ್ಳಿ. ಆಮೇಲೆ ಸ್ಪಾನರ್ ಹಿಡಿದು ಆ ಅಂಕಿಯನ್ನು ಅರ್ಧಕ್ಕೆ ಇಳಿಸಲು ಎಷ್ಟು ಸಾಧ್ಯವೋ ಅಷ್ಟು ಪ್ರಯತ್ನಿಸಿ, ಮತ್ತೆ ತೂಗಿಸಿ ಇನ್ನೊಂದು ಚೀಟಿ ಬರೆಸಿಕೊಳ್ಳಿ, ಎಂಜಿನ್ನಿನ ಆಯ್ಕೆ ಅದಾದ ಮೇಲಿರಲಿ. ಪ್ರದರ್ಶನದ ದಿನ ಮೈದಾನದಲ್ಲಿ ಸುತ್ತು ಹಾಕುವ ಮುಂಚೆ ಆ ಎರಡು ಚೀಟಿಗಳನ್ನು ಗಾಜಿಗೆ ಅಂಟಿಸಿ ನಿಲ್ಲಿಸಿ.